ಕತ್ತಲಕೊಳವೆಯ ಅನುಭವ ಚೀಟಿಗಳು

‘ಒಳಗೆ ತುಂಬಾ ಕತ್ತಲೆ. ದಯವಿಟ್ಟು ಒಂದು ಬಲ್ಬು ಹಾಕಿಸಿ.’

ಈ ವಾಟರ್ ಪಾರ್ಕಿನ ಜಾರುಬಂಡೆಗೆ ಕತ್ತಲಕೊಳವೆ ಎಂದು ಎರಡು ಆಳೆತ್ತರದ ಬೋರ್ಡು ಹಾಕಿದ್ದಾರೆ. ಅದನ್ನು ಓದಿ, ತೊಂಬತ್ತಾರು ಮೆಟ್ಟಿಲು ಹತ್ತಿ, ಸಾಲಿನಲ್ಲಿ ನಿಂತು, ಜಾರಿ ಕೆಳಗೆ ಬಂದು, ಕತ್ತಲೆ ಇದೆ ಎಂದು ದೂರು ಬರೆದ ಪುಣ್ಯಾತ್ಮ ಯಾರೋ! ಅವನನ್ನು ಎದುರಿಗೆ ಕೂರಿಸಿಕೊಂಡು ನಾಲ್ಕು ಮಾತು ಕೇಳುವ ಆಸೆ ನನಗೆ. ಆದರೆ ಪುರುಸೊತ್ತಿರಲಿಲ್ಲ. ಮಧ್ಯಾಹ್ನ ಎರಡು ಗಂಟೆ. ನಾಲ್ಕಕ್ಕೆ ಇನ್ಸ್‌ಪೆಕ್ಟರ್ ಬರುವವರಿದ್ದರು, ನನ್ನ ತಂಗಿಯ ಮಗಳನ್ನು ಹಿಡಿದುಕೊಂಡು ಹೋಗಲು.

ಮೂರು ದಿನದ ಹಿಂದೆ ಬೋರ್ಡ್ ಬರೆಯುವ ಒಬ್ಬ ಮನುಷ್ಯ ಈ ಕೊಳವೆಯ ಮೇಲಿನ ಬಾಯಲ್ಲಿ ಕೂತು ಜಾರಿದ. ಕೆಳಗಿನ ಬಾಯಲ್ಲಿ ಹೊರಬಂದದ್ದನ್ನು ಕಂಡವರಿಲ್ಲ. ಕೊಳವೆ ಬಿಚ್ಚಿದರು, ಕೊಳದ ನೀರು ಖಾಲಿ ಮಾಡಿದರು, ಪಂಪಿನ ಗುಂಡಿಗೆ ಇಳಿದು ಹುಡುಕಿದರು. ಅವನ ಚಡ್ಡಿಯ ದಾರ ಕೂಡ ಸಿಗಲಿಲ್ಲ.

ಮೇಲೆ ನಿಂತು ಅವನನ್ನು ಕಳಿಸಿದವಳು ನನ್ನ ತಂಗಿಯ ಮಗಳು. ಜಾರುವ ಬಾಯಿಯ ಪಕ್ಕದಲ್ಲೇ ಪಂಪಿನ ಗುಂಡಿಗೆ ಬೀಳುವ ಒಂದು ಸಣ್ಣ ಬಾಗಿಲಿದೆ. ಅಲ್ಲಿಂದ ಅವನನ್ನು ತಳ್ಳಿರಬಹುದು, ಹೆಣವನ್ನು ಆಮೇಲೆ ಸಾಗಿಸಿರಬಹುದು, ಯಾರಾದರೂ ಜೊತೆಗಿದ್ದಿರಬಹುದು ಎನ್ನುವುದು ಇನ್ಸ್‌ಪೆಕ್ಟರ್ ವಾದ. ಎಲ್ಲಾ ‘ಇರಬಹುದು’ಗಳೇ. ಈ ಇರಬಹುದುಗಳ ಮೇಲೆ ಇಪ್ಪತ್ತಮೂರು ವರ್ಷದ ಹುಡುಗಿಯನ್ನು ಕೊಲೆಗಾತಿ ಎಂದು ಜೀಪು ಹತ್ತಿಸುತ್ತಾರಂತೆ.

ನಾನು ಇಪ್ಪತ್ತೆರಡು ವರ್ಷದಿಂದ ಪತ್ತೇದಾರಿಕೆ ಮಾಡುತ್ತಿದ್ದೇನೆ. ಗಂಡನ್ನು ನೋಡಿಕೊಂಡು ಬಾ, ಹೆಣ್ಣಿನ ಮನೆಯವರ ಪೂರ್ವಾಪರ ತಿಳಿದುಕೊಂಡು ಬಾ, ಇಂಥವೇ ಹೆಚ್ಚು. ಆದರೆ ಇಷ್ಟು ಜನ, ಇಷ್ಟು ಹೊತ್ತು, ಇಷ್ಟು ಸರಳವಾದ ಪ್ರಶ್ನೆಗೆ ಉತ್ತರ ಹೇಳದೆ ನನ್ನ ತಲೆ ತಿಂದದ್ದು ಇದೇ ಮೊದಲು.

ಫೋನು ಬಡಿದುಕೊಂಡಿತು. ತಂಗಿ. ಬೆಳಗಿನಿಂದ ಒಂಬತ್ತನೆಯ ಸಲ.

“ಅಕ್ಕಾ, ಏನಾದ್ರೂ ಗೊತ್ತಾಯ್ತಾ?”

“ಗೊತ್ತಾಗ್ಬೇಕು ಅಂದ್ರೆ ನೀನು ಫೋನ್ ಇಡ್ಬೇಕು.”

“ಅವಳಿಗೆ ಬಟ್ಟೆ ಕಳಿಸ್ಲಾ? ಅಲ್ಲಿ ಹೊದಿಯೋಕೆ ಕೊಡ್ತಾರೋ ಇಲ್ವೋ...”

“ಬಿಡ್ತು ಅನ್ನೇ! ಸಾಯಂಕಾಲಕ್ಕೆ ಮನೆಗೆ ಬರ್ತಾಳೆ. ಇಡು ಫೋನು.”

ಹೇಳಿಬಿಟ್ಟೆ. ಹೇಗೆ ಬರುತ್ತಾಳೆ ಎಂದು ನನಗೇ ಗೊತ್ತಿರಲಿಲ್ಲ.

ಪಂಪುಮನೆಯ ಹಿಂದಿನ ಮ್ಯಾನೇಜರ್ ಕೋಣೆಯಲ್ಲಿ ಕೂತಿದ್ದೆ. ಫ್ಯಾನು ತಿರುಗುವ ಸದ್ದು ಮಾತ್ರ ಮಾಡುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಎಲ್ಲೆಲ್ಲೂ ಬ್ಲೀಚಿಂಗ್ ಪೌಡರ್ ವಾಸನೆ. ಕಿಟಕಿಯಾಚೆ ಬತ್ತಿದ ಕೊಳ, ಅದರ ದಡದ ಬೆಂಚಿನ ಮೇಲೆ ಕಾಣೆಯಾದವನ ಹೆಂಡತಿ. ಮೂರು ದಿನದಿಂದ ಅಲ್ಲೇ ಕೂತಿದ್ದಾಳೆ. ಗಂಡನ ಬಟ್ಟೆಯಿಟ್ಟ ಲಾಕರಿನ ಬೀಗದ ಕೈ ಅವಳ ಮಣಿಕಟ್ಟಿನಲ್ಲಿದೆ.

ಆವತ್ತು ಅವಳು ಮೆಟ್ಟಿಲ ಬುಡದಲ್ಲಿ ಕಾದು ನಿಂತಿದ್ದಳಂತೆ. ಕೊಳದಿಂದ ಹೊರಬರುವ ದಾರಿ ಇನ್ನೊಂದು ಬದಿಗೆ. ಕಾಲು ಗಂಟೆ ಕಾದು, ಸುತ್ತಿ ಬಂದು ಕೇಳಿದರೆ, ಕೊಳದ ಕಾವಲುಗಾರ ‘ಅಂಥೋರು ಯಾರೂ ಬರ್ಲಿಲ್ಲವಲ್ಲ’ ಎಂದನಂತೆ. ಅಲ್ಲಿಗೆ ಶುರುವಾಯಿತು ಈ ರಾಮಾಯಣ.

ಆವತ್ತಿನ ಚೀಟಿಗಳ ಡಬ್ಬ ಕೊಟ್ಟವನು ಮ್ಯಾನೇಜರ್. ಹೊಸ ಜಾರುಬಂಡೆ ಮೂರು: ಸುಂಟರಗಾಳಿ, ಜೋಡಿಹಾವು, ಕತ್ತಲಕೊಳವೆ. ಜಾರಿ ಬಂದ ಪ್ರತಿಯೊಬ್ಬರೂ ‘ನಿಮ್ಮ ಅನುಭವ’ ಎಂಬ ಚೀಟಿಯಲ್ಲಿ ಒಂದೆರಡು ಸಾಲು ಬರೆದು ಡಬ್ಬಕ್ಕೆ ಹಾಕಬೇಕು. “ನೂರಕ್ಕೆ ನೂರು ಜನರ ಅನುಭವ ಸಂಗ್ರಹ ಮಾಡಿದೀವಿ ಮೇಡಂ. ಇನ್ನೊಂದು ಪಾರ್ಕ್ ತೋರ್ಸಿ ನೋಡೋಣ,” ಎಂದು ಎದೆಯುಬ್ಬಿಸಿದ. ಗಿರಾಕಿ ಕಾಣೆಯಾಗಿದ್ದಾನೆ, ಗಿರಾಕಿಯ ಅನುಭವ ಮಾತ್ರ ಭದ್ರವಾಗಿದೆ. ಇನ್ಸ್‌ಪೆಕ್ಟರ್ ಡಬ್ಬದ ಮುಚ್ಚಳ ತೆಗೆದು ನೋಡಿ, “ಓದ್ಕೊಳ್ಳಿ ಮೇಡಂ, ಹೊತ್ತು ಹೋಗುತ್ತೆ,” ಎಂದು ನನ್ನ ಕಡೆ ತಳ್ಳಿ ಹೋಗಿದ್ದರು.

ಓದಿದೆ. ಓದದೆ ಏನು ಮಾಡಲಿ?

‘ಸುಂಟರಗಾಳಿಯಲ್ಲಿ ನನ್ನ ಹಲ್ಲಿನ ಸೆಟ್ಟು ಹೋಯಿತು. ಸಿಕ್ಕರೆ ತಿಳಿಸಿ, ಮೇಲಿನದು.’

‘ನಾನು ಹೆದರಲಿಲ್ಲ. ಕಿರುಚಿದ್ದು ನಮ್ಮ ಯಜಮಾನರು.’

‘ಅತ್ತೆಯವರನ್ನು ಮೊದಲು ಕಳಿಸಿ ನೋಡಿದೆವು. ಈಗ ಅವರು ಏಳನೇ ಸಲ ಹೋಗುತ್ತಿದ್ದಾರೆ. ಮನೆಗೆ ಹೋಗಬೇಕು, ದಯವಿಟ್ಟು ಇಳಿಸಿಕೊಡಿ.’

‘ಮೇಲೆ ಹೋಗಿ ಬಗ್ಗಿ ನೋಡಿ ವಾಪಸ್ ಬಂದೆ. ಮೆಟ್ಟಿಲುಗಳು ಚೆನ್ನಾಗಿವೆ.’

ಇನ್ನು ಮಿಕ್ಕವು ‘ಬಹಳ ಆನಂದವಾಯಿತು, ಮತ್ತೆ ಬರುತ್ತೇವೆ’. ಹತ್ತಲ್ಲ, ಇಪ್ಪತ್ತಲ್ಲ. ಬಹಳ ಆನಂದವಾಯಿತು, ಮತ್ತೆ ಬರುತ್ತೇವೆ. ಓದಿ ಓದಿ ನನಗೆ ತಲೆ ಚಿಟ್ಟು ಹಿಡಿದುಹೋಯಿತು. ಕೊನೆಗೆ ಓದುವುದನ್ನು ಬಿಟ್ಟು ಕತ್ತಲಕೊಳವೆಯ ಚೀಟಿಗಳನ್ನಷ್ಟೇ ಬೇರೆ ತೆಗೆದು ಎಣಿಸಿದೆ.

ಅರವತ್ನಾಲ್ಕು.

ಮತ್ತೆ ಎಣಿಸಿದೆ. ಅರವತ್ನಾಲ್ಕೇ. ನನಗೆ ನಿದ್ದೆಯಿಂದ ಎಬ್ಬಿಸಿದ ಹಾಗಾಯಿತು.

ಮೇಲೆ ನಿಂತವರ ಕೈಯಲ್ಲಿ ಒಂದು ಎಣಿಕೆ ಯಂತ್ರ ಇರುತ್ತದೆ. ಒಬ್ಬರನ್ನು ಕಳಿಸಿದಾಗ ಒಂದು ಸಲ ಒತ್ತಬೇಕು. ಆವತ್ತು ಕೊಳವೆ ಮುಚ್ಚುವಾಗ ಅದರಲ್ಲಿದ್ದದ್ದು ಅರವತ್ನಾಲ್ಕು. ಮೇಲಿನಿಂದ ಹೋದವರು ಅರವತ್ನಾಲ್ಕು ಜನ, ಒಬ್ಬ ಬರಲಿಲ್ಲ. ಹಾಗಾದರೆ ಕೆಳಗೆ ಚೀಟಿ ಅರವತ್ಮೂರೇ ಇರಬೇಕಲ್ಲ?

ಕೊಳದ ಕಾವಲುಗಾರನಿಗೆ ಹೇಳಿ ಕಳಿಸಿದೆ. ಎಲ್ಲರೂ ಅವನನ್ನು ಸೀಟಿ ಎಂದೇ ಕರೆಯುತ್ತಾರೆ, ಅವನ ಹೆಂಡತಿಯೂ ಸಹ. ನಲವತ್ತರ ಗಂಡಸು, ಕೊರಳಲ್ಲಿ ಸೀಟಿ, ಮುಖದಲ್ಲಿ ಬೆವರು. ಒಳಗೆ ಬಂದವನು ಮೇಜಿನ ಮೇಲಿನ ಚೀಟಿಗಳನ್ನು ನೋಡಿ ಸೀಟಿಯನ್ನು ಬಾಯಿಗಿಟ್ಟು, ಊದದೆ, ಸುಮ್ಮನೆ ಕಚ್ಚತೊಡಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಇನ್ನೂ ಏನೂ ಅಂದಿರಲಿಲ್ಲ.

“ಆ ಮನುಷ್ಯ ಕೆಳಗೆ ಬರ್ಲೇ ಇಲ್ಲ ಅಂತ ಪೊಲೀಸರಿಗೆ ಬರ್ಕೊಟ್ಟಿದೀಯ?”

“ಹೌದಮ್ಮ.”

“ಬಂದೋರ್ದೆಲ್ಲ ಚೀಟಿ ತಗೊಂಡೆ ಅಂತಾನೂ ಬರ್ಕೊಟ್ಟಿದೀಯ?”

“ಹೌದಮ್ಮ. ಒಬ್ಬರನ್ನೂ ಬಿಟ್ಟಿಲ್ಲ.”

“ಹಾಗಾದ್ರೆ ಬಾರದೇ ಇದ್ದೋನ ಚೀಟಿ ಯಾವುದಪ್ಪಾ? ಎಣಿಸು.”

ಎಣಿಸಿದ. ಅರವತ್ತಕ್ಕೆ ಬರುವಾಗ ಕೈ ನಿಧಾನವಾಯಿತು. ಅರವತ್ನಾಲ್ಕನೆಯದನ್ನು ಇಡದೆ ಕೈಯಲ್ಲೇ ಹಿಡಿದುಕೊಂಡ.

“ಅಮ್ಮಾ, ನಾನು ಮಕ್ಕಳೊಂದಿಗ.”

“ನನಗೂ ತಂಗಿ ಮಗಳಿದಾಳೆ. ಬೊಗಳು.”

ಬೊಗಳಿದ. ಕೇಳುತ್ತಾ ಕೇಳುತ್ತಾ ನನಗೆ ನಗಬೇಕೋ ಅವನ ಸೀಟಿ ಕಿತ್ತು ಅವನಿಗೇ ಬಾರಿಸಬೇಕೋ ತಿಳಿಯಲಿಲ್ಲ.

ಜಾರಿ ಬಂದ ಜನ ಎಲ್ಲಿ ನಿಂತು ಬರೆಯುತ್ತಾರೆ? ಕಣ್ಣಲ್ಲಿ ನೀರು, ಕಿವಿಯಲ್ಲಿ ನೀರು, ಮತ್ತೊಮ್ಮೆ ಹೋಗೋಣ ಎಂದು ಮೆಟ್ಟಿಲ ಕಡೆ ಓಡುತ್ತಾರೆ. ಆದರೆ ಸಾಯಂಕಾಲ ಮೇಲಿನ ಎಣಿಕೆಗೂ ಕೆಳಗಿನ ಚೀಟಿಗೂ ತಾಳೆ ಆಗಬೇಕು. ಆಗದಿದ್ದರೆ ಮ್ಯಾನೇಜರ್ ಮೆಮೊ ಕೊಡುತ್ತಾನೆ. ಮೂರು ಮೆಮೊ ಆದರೆ ಕೆಲಸದಿಂದ ತೆಗೆಯುತ್ತಾನೆ. ಸೀಟಿಗೆ ಈಗಾಗಲೇ ಎರಡಾಗಿತ್ತು.

“ಅದಕ್ಕೇ ಕಮ್ಮಿ ಬಿದ್ದಿದ್ದನ್ನ ನಾನೇ ಬರೀತೀನಮ್ಮ. ಛತ್ರಿ ಕೆಳಗೆ ಕೂತ್ಕೊಂಡು.”

“ಬಹಳ ಆನಂದವಾಯಿತು, ಮತ್ತೆ ಬರುತ್ತೇವೆ?”

“ನಂಗೆ ಬೇರೆ ಏನೂ ತೋಚಲ್ಲಮ್ಮ.”

“ಆವತ್ತೂ ಬರೆದೆಯಾ?”

“ಕೊಳವೆ ಮುಚ್ಚಿ ಅಂದಾಗ ಮೇಲಿನೋರು ಎಣಿಕೆ ಹೇಳಿದ್ರು, ಅರವತ್ನಾಲ್ಕು ಅಂತ. ಡಬ್ಬದಲ್ಲಿ ನೋಡ್ದೆ, ಕಮ್ಮಿ ಇತ್ತು. ರೂಢಿ ನೋಡಿ, ಬರೆದು ತುಂಬಿಸ್ದೆ.”

“ಅಯ್ಯೋ ನಿನ್ನ! ಒಬ್ಬ ಮನುಷ್ಯ ಕಾಣೆಯಾಗಿದಾನೆ, ಜನ ಬಾಯಿ ಬಡ್ಕೋತಿದಾರೆ, ನೀನು ಕೂತ್ಕೊಂಡು ಅವನಿಗೂ ಆನಂದವಾಯಿತು ಅಂತ ಬರೆದೆಯಲ್ಲೋ!”

“ತಾಳೆ ಆಗ್ಬೇಕಲ್ಲಮ್ಮ,” ಎಂದ ಪಾಪದವನು. ಅವನ ದನಿಯಲ್ಲಿ ಮೋಸದ ಸುಳಿವೂ ಇರಲಿಲ್ಲ. ಅದೇ ನನಗೆ ಇನ್ನೂ ಉರಿಯಿತು.

ಅಷ್ಟಕ್ಕೆ ಬಿಡಲಿಲ್ಲ ನಾನು. ಕೊಳದಲ್ಲಿ ಯಾರೂ ಇಲ್ಲ ಎಂದು ಮೇಲಿನವರಿಗೆ ತಿಳಿಸಲು ಕೆಳಗೆ ಒಂದು ಸ್ವಿಚ್ಚು ಇದೆ. ಅದನ್ನು ಒತ್ತಿದರೆ ಮೇಲೆ ಹಸಿರು ದೀಪ ಹತ್ತುತ್ತದೆ, ಮುಂದಿನವರನ್ನು ಕಳಿಸುತ್ತಾರೆ. ಹಿಂದಿನವನು ನೀರಿನಿಂದ ಎದ್ದು ಹೋದದ್ದನ್ನು ಕಣ್ಣಾರೆ ನೋಡಿಯೇ ಒತ್ತಬೇಕು.

“ಬೋರ್ಡ್ ಬರೆಯೋನ ಹಿಂದೆ ಇನ್ನೊಬ್ಬರು ಬಂದರಲ್ಲ. ಹಸಿರು ದೀಪ ಹೇಗೆ ಹತ್ತಿತು?”



“ಇಪ್ಪತ್ತು ಎಣಿಸ್ತೀನಿ, ಕಾಲಲ್ಲಿ ಒತ್ತುತೀನಿ. ಜಾರೋಕೆ ಹದಿನಾಲ್ಕು ಸೆಕೆಂಡು. ಆರು ಸೆಕೆಂಡಲ್ಲಿ ಯಾರಾದ್ರೂ ಎದ್ದು ಹೋಗೇ ಹೋಗ್ತಾರೆ.”

“ತಲೆ ಎತ್ತಿ ನೋಡಲ್ಲ?”

“ಚೀಟಿ ಬರೀಬೇಕಲ್ಲಮ್ಮ.”

ಜನ ಮುಳುಗದ ಹಾಗೆ ನೋಡಿಕೊಳ್ಳಬೇಕಾದವನು ಜನರ ಅನುಭವ ಬರೆಯುವುದರಲ್ಲಿ ಮುಳುಗಿದ್ದ. ಇಂಥ ವ್ಯವಸ್ಥೆ ಕಟ್ಟಿದ ಆ ಮ್ಯಾನೇಜರಿನ ಜುಟ್ಟು ಹಿಡಿಯಬೇಕೆನಿಸಿತು, ಆದರೆ ಅವನಿಗೆ ತಲೆಯಲ್ಲಿ ಕೂದಲೇ ಇಲ್ಲ.

“ಹಾಗಾದ್ರೆ ಅವನು ಬಂದನೋ ಇಲ್ವೋ ನಿನಗೆ ಗೊತ್ತೇ ಇಲ್ಲ. ಮತ್ತೆ ಬರ್ಲಿಲ್ಲ ಅಂತ ಯಾಕೆ ಹೇಳ್ದೆ?”

“ನೋಡ್ಲಿಲ್ಲ ಅಂದ್ರೆ ಕೆಲಸ ಹೋಗುತ್ತೆ. ಬರ್ಲಿಲ್ಲ ಅಂದ್ರೆ ಏನೂ ಆಗಲ್ಲ ಅಂದ್ಕೊಂಡೆ.”

“ಏನೂ ಆಗಲ್ವಾ? ನಮ್ಮ ಹುಡುಗಿಗೆ ಕೊಲೆ ಕೇಸು ಹಾಕ್ತಿದಾರಲ್ಲೋ, ಕಣ್ಣಿಗೆ ಕಾಣಲ್ವಾ? ಮೂರು ದಿನದಿಂದ ಊಟದ ಹೊತ್ತಲ್ಲಿ ಅವಳ ಎದುರಿಗೇ ಕೂತು ತಿಂದಿದೀಯಲ್ಲ, ಗಂಟಲಲ್ಲಿ ಇಳೀತಾ?”

ಅವನ ಕಣ್ಣು ತುಂಬಿತು. “ಇಳೀಲಿಲ್ಲಮ್ಮ,” ಎಂದ. ನಿಜವೇ ಇರಬೇಕು, ಮನುಷ್ಯ ಒಣಗಿಹೋಗಿದ್ದ. “ಆದ್ರೆ ಇನ್ಸ್‌ಪೆಕ್ಟರ್ ಮುಂದೆ ಹೇಳು ಅಂತ ಮಾತ್ರ ಅನ್ಬೇಡಿ.”

“ಅದನ್ನ ಆಮೇಲೆ ನೋಡೋಣ. ಮೊದಲು ನೀನು ಬರೆದಿದ್ದನ್ನೆಲ್ಲ ಆರಿಸಿ ಆಕಡೆ ಇಡು.”

ಆರಿಸಿದ. ನಲವತ್ತೊಂದು! ಮ್ಯಾನೇಜರಿನ ನೂರಕ್ಕೆ ನೂರರಲ್ಲಿ ಅರವತ್ತಕ್ಕಿಂತ ಹೆಚ್ಚು ಪಾಲು ಈ ಬಡಪಾಯಿಯ ಆನಂದ.

ಅವನ ರಾಶಿಯನ್ನೂ ಉಳಿದದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಸೀಟಿಯವು ಒಂದರ ಮೇಲೊಂದು ಒಪ್ಪವಾಗಿ ಕೂತವು. ಉಳಿದ ಇಪ್ಪತ್ತಮೂರು ಕೂರಲಿಲ್ಲ. ಹಪ್ಪಳದ ಹಾಗೆ ಸುಕ್ಕುಸುಕ್ಕು, ಅಂಚು ಮುದುರಿತ್ತು, ಅಲ್ಲಲ್ಲಿ ನೀರು ಬಿದ್ದು ಒಣಗಿದ ಕಲೆ. ಒದ್ದೆ ಕೈಯಲ್ಲಿ ಬರೆದವು. ಅವು ಮಾತ್ರ ನಿಜವಾಗಿ ಕೊಳವೆಯಿಂದ ಹೊರಬಂದ ಮನುಷ್ಯರವು.

ಸೀಟಿಯನ್ನು ಹೊರಗೆ ಕಳಿಸಿ, ಇಪ್ಪತ್ತಮೂರನ್ನು ಒಂದೊಂದಾಗಿ ಬೆಳಕಿಗೆ ಹಿಡಿದೆ. ಕತ್ತಲೆ ಎಂದು ದೂರಿದ ಪುಣ್ಯಾತ್ಮ ಇದ್ದ. ಮೊಣಕೈ ತರಚಿತು ಎಂದವಳಿದ್ದಳು. ಹದಿನೇಳನೆಯದಕ್ಕೆ ಬಂದಾಗ ನನ್ನ ಕೈ ನಿಂತಿತು.

ಬರೆಯುವ ಮೊದಲು ಪೆನ್ಸಿಲಿನಲ್ಲಿ ಮೇಲೊಂದು ಕೆಳಗೊಂದು ತೆಳುವಾದ ಗೆರೆ ಎಳೆದಿತ್ತು. ಅವುಗಳ ನಡುವೆ ಅಕ್ಷರಗಳನ್ನು ಕೂರಿಸಿತ್ತು, ಎಲ್ಲವೂ ಒಂದೇ ಎತ್ತರ, ಒಂದೇ ಅಂತರ. ಇದೇ ಎರಡು ಗೆರೆಯನ್ನು ನಾನು ನಿನ್ನೆ ನೋಡಿದ್ದೆ. ಲಾಕರಿನ ರಿಜಿಸ್ಟರಿನಲ್ಲಿ, ಕಾಣೆಯಾದವನು ತನ್ನ ವಿಳಾಸ ಬರೆದ ಕಡೆ. ಗೆರೆ ಹಾಕಿದ ಪುಸ್ತಕದಲ್ಲೂ ತನ್ನದೇ ಎರಡು ಗೆರೆ ಎಳೆದುಕೊಂಡು ಬರೆದಿದ್ದ. ಜೀವನವಿಡೀ ಬೋರ್ಡು ಬರೆದ ಕೈಗೆ ಗೆರೆಯಿಲ್ಲದೆ ಒಂದಕ್ಷರವೂ ಮೂಡುವುದಿಲ್ಲವೋ ಏನೋ. ಇನ್ಸ್‌ಪೆಕ್ಟರಿಗೂ ಅದನ್ನು ತೋರಿಸಿದ್ದೆ, “ಅಚ್ಚುಕಟ್ಟಾದ ಮನುಷ್ಯ” ಎಂದಿದ್ದರು.

ಚೀಟಿಯ ಮೇಲೆ ಸಮಯ: ಹನ್ನೊಂದು ನಲವತ್ತು. ಅವನು ಕಾಣೆಯಾದ ಗಳಿಗೆ.

ಕುಣಿಯುವುದೊಂದು ಬಾಕಿ ನನಗೆ. ಬಂದಿದ್ದಾನೆ! ತನ್ನ ಕಾಲಲ್ಲಿ ಹೊರಬಂದು, ಪೆನ್ಸಿಲು ಹಿಡಿದು, ಗೆರೆ ಎಳೆದು, ಬರೆದು ಹೋಗಿದ್ದಾನೆ ಮಹರಾಯ. ಯಾರೂ ಅವನನ್ನು ಎಲ್ಲಿಂದಲೂ ತಳ್ಳಿಲ್ಲ. ಸೀಟಿ ಬಾಯಿ ಬಿಡಲಿ, ಬಿಡದಿರಲಿ, ಇದೊಂದು ಸಾಕು ನನ್ನ ಹುಡುಗಿಯನ್ನು ಮನೆಗೆ ಕರೆದೊಯ್ಯಲು.

ಬಾಗಿಲಿಗೆ ಹೋಗಿ, ಸಿಬ್ಬಂದಿ ಕೋಣೆಯ ಮುಂದೆ ಕಾವಲಿದ್ದ ಕಾನ್‌ಸ್ಟೇಬಲ್‌ಗೆ ಅವಳನ್ನು ಐದು ನಿಮಿಷ ಕಳಿಸೆಂದೆ.

ಬಂದಳು. ಇನ್ನೂ ಆ ನೀಲಿ ಯೂನಿಫಾರ್ಮಿನಲ್ಲೇ ಇದ್ದಳು. ಕೂದಲು ಬಾಚಿರಲಿಲ್ಲ.

“ಬಚಾವಾದೆ ಕಣೇ! ನೋಡಿಲ್ಲಿ,” ಎಂದು ಚೀಟಿಯನ್ನು ಕೈಗಿತ್ತೆ.

ಓದಿದಳು. ಅಲ್ಲೇ ಗೋಡೆಗೆ ಒರಗಿ, ಹಾಗೇ ಜಾರಿ ನೆಲದ ಮೇಲೆ ಕೂತುಬಿಟ್ಟಳು. ಮೂರು ದಿನದಿಂದ ಪೊಲೀಸರ ಮುಂದೆ ಒಂದು ಹನಿ ಹಾಕದವಳು ಬಿಕ್ಕಿ ಬಿಕ್ಕಿ ಅತ್ತಳು.

“ಬಂದ್ರು. ಅಬ್ಬಾ, ಬಂದ್ರು ದೊಡ್ಡಮ್ಮ. ಅವರನ್ನ ಯಾರೂ ಹಿಡೀಲಿಲ್ಲ.”

ನಾನು ಅವಳ ತಲೆ ನೇವರಿಸಲು ಬಗ್ಗಿದವಳು ಅರ್ಧದಲ್ಲೇ ನಿಂತೆ. ಮೊಣಕಾಲು ನೋವಿನಿಂದಲ್ಲ.

ತಾನು ಬಚಾವಾದೆ ಎಂದು ಅಳುವ ಅಳು ಅದಲ್ಲ. ಯಾರೂ ಹಿಡೀಲಿಲ್ಲ ಎಂದರೆ? ಹಿಡಿಯುವವರು ಯಾರಿದ್ದರು?

ಅವಳ ಕೈಯಿಂದ ಚೀಟಿ ಕಿತ್ತುಕೊಂಡು ಈ ಸಲ ಗೆರೆ ಬಿಟ್ಟು ಅಕ್ಷರ ಓದಿದೆ.

‘ಹೊರಗೆ ಬಂದೆ. ಚೆನ್ನಾಗಿದ್ದೇನೆ. ಚಿಂತೆ ಬೇಡ.’

ಜಾರುಬಂಡೆಯ ಅನುಭವವನ್ನು ಹೀಗೆ ಯಾರು ಬರೆಯುತ್ತಾರೆ? ನೀರು ತಣ್ಣಗಿತ್ತು ಎನ್ನುತ್ತಾರೆ, ಹಲ್ಲು ಬಿತ್ತು ಎನ್ನುತ್ತಾರೆ. ಇದು ಮನೆಗೆ ಬರೆದ ಕಾಗದದ ಹಾಗಿತ್ತು.

“ದಿನಾ ಸಾಯಂಕಾಲ ಈ ಡಬ್ಬ ಯಾರ ಕೈಗೆ ಹೋಗುತ್ತೆ? ಚೀಟಿ ಎಣಿಸಿ ತಾಳೆ ನೋಡೋದು ಯಾರು?”

ಯೂನಿಫಾರ್ಮಿನ ತೋಳಿನಿಂದ ಮೂಗು ಒರೆಸಿಕೊಂಡಳು.

“ಯಾರೇ?”

“ನಾನು.”

“ಇದು ನಿನಗೇ ಬರೆದಿದ್ದು.”

“ಹೂಂ. ಆವತ್ತು ನಾನು ನೋಡೋ ಮೊದಲೇ ಮ್ಯಾನೇಜರ್ ಡಬ್ಬ ಎತ್ತಿಟ್ಕೊಂಡ್ರು.”

ಮೂಲೆಯಲ್ಲಿದ್ದ ಕುರ್ಚಿ ಎಳೆದುಕೊಂಡು ಕೂತೆ. “ಅವನನ್ನ ಮುಂಚೆ ನೋಡೇ ಇಲ್ಲ ಅಂದಿದ್ದೆ. ನನ್ನ ತಲೆ ಮುಟ್ಟಿ ಆಣೆ ಮಾಡಿದ್ದೆ. ನಿಮ್ಮಮ್ಮ ಅಲ್ಲಿ ಅನ್ನ ನೀರು ಬಿಟ್ಟು ಕೂತಿದಾಳೆ, ನಾನಿಲ್ಲಿ ಹಲ್ಲಿನ ಸೆಟ್ಟು ಹುಡುಕ್ಕೊಂಡು ಸಾಯ್ತಿದೀನಿ. ಎಲ್ಲ ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?”

“ತಪ್ಪಾಯ್ತು ದೊಡ್ಡಮ್ಮ.”

“ತಪ್ಪಾಯ್ತು ಅಂದ್ರೆ ಆಗೋಯ್ತಾ? ಯಾರೇ ಅವನು?”

ಅವಳು ಕಿಟಕಿಯ ಕಡೆ ನೋಡಿ ದನಿ ತಗ್ಗಿಸಿದಳು. “ಈ ಹೊಸ ಸ್ಲೈಡುಗಳ ಬೋರ್ಡು ಬರೆದೋರೇ ಅವರು. ಹತ್ತು ದಿನ ಇಲ್ಲೇ ಬರೆದ್ರು. ಹತ್ತು ದಿನಾನೂ ಆಯಮ್ಮ ಏಣಿ ಕೆಳಗೇ ಕೂತಿದ್ರು. ನೀರು ಕುಡಿಯೋಕೆ ಹೋದ್ರೂ ಹಿಂದೇನೇ. ಎಲ್ಲಾರೂ ಎಂಥಾ ಪ್ರೀತಿ ಅಂತಿದ್ರು.”

“ನೀನೂ ಅಂದ್ಕೊಂಡೆ.”

“ನಾಲ್ಕು ದಿನ. ಆಮೇಲೆ ಒಂದು ದಿನ ಅವರು ಬೋರ್ಡ್ ಹಿಂದೆ ಬರೆದು ನಂಗೆ ತೋರಿಸಿದ್ರು, ತಕ್ಷಣ ಬಣ್ಣ ಬಳಿದುಬಿಟ್ರು. ಬಾಯಿಬಿಟ್ಟು ಒಂದು ಮಾತೂ ಆಡಿಲ್ಲ ದೊಡ್ಡಮ್ಮ, ಯಾವತ್ತೂ.”

“ಏನು ಬರೆದಿದ್ದ?”

ತಲೆಯಾಡಿಸಿದಳು. ಹೇಳುವುದಿಲ್ಲ.

“ಹೇಳೇ!”

“ಹೇಳಿದ್ರೆ ನಿಂಗೂ ಅಪಾಯ. ಇಡೀ ಪ್ರಪಂಚದಲ್ಲಿ ಆಯಮ್ಮ ಅವರ ಹಿಂದೆ ಬರೋಕಾಗ್ದೇ ಇರೋ ಜಾಗ ಅಂದ್ರೆ ಆ ಕೊಳವೆ ಒಂದೇ. ಹದಿನಾಲ್ಕು ಸೆಕೆಂಡು. ಸೀಟಿ ತಲೆ ಎತ್ತಲ್ಲ ಅಂತ ನಂಗೆ ಗೊತ್ತಿತ್ತು, ಅವರಿಗೂ ಬರೆದು ತಿಳಿಸ್ದೆ. ಅಷ್ಟೇ ನಾನು ಮಾಡಿದ್ದು.” ನನ್ನ ಎರಡೂ ಕೈ ಹಿಡಿದುಕೊಂಡಳು. “ಆ ಚೀಟಿ ಯಾರಿಗೂ ತೋರಿಸ್ಬೇಡ. ಅವರು ಸತ್ತೋದ್ರು ಅಂತ ಆಯಮ್ಮ ನಂಬಿರೋವರೆಗೂ ಅವರು ಬದುಕಿರ್ತಾರೆ. ಅಷ್ಟೇ.”

“ಮತ್ತೆ ನೀನು?”

“ನಂದು ಹೇಗೋ ಆಗುತ್ತೆ.”

ಹೇಗೋ ಆಗುತ್ತಂತೆ! ಕೊಲೆ ಕೇಸು ಹೇಗೋ ಆಗುತ್ತಂತೆ! ಕೆನ್ನೆಗೆ ಎರಡು ಬಿಡಬೇಕೆನಿಸಿತು. ಅದರ ಜೊತೆಗೇ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ಎರಡೂ ಮಾಡಲಿಲ್ಲ. ಚೀಟಿಯನ್ನು ಮಡಚಿ ನನ್ನ ಕೈಚೀಲಕ್ಕೆ ಹಾಕಿದೆ, ಯೋಚನೆ ಮಾಡಲು ನಾಲ್ಕು ಗಂಟೆಯವರೆಗೆ ಹೊತ್ತಿದೆಯಲ್ಲ ಎಂದುಕೊಂಡು.

ಕಾನ್‌ಸ್ಟೇಬಲ್ ಬಾಗಿಲು ಬಡಿದ. ಸಾಹೇಬರು ಬಂದಿದ್ದಾರಂತೆ. ಗಂಟೆ ಮೂರೂವರೆ. ಮೂರು ದಿನದಲ್ಲಿ ಒಂದು ಕೆಲಸವನ್ನೂ ಹೊತ್ತಿಗೆ ಸರಿಯಾಗಿ ಮಾಡದ ಮನುಷ್ಯ ಇವತ್ತು ಅರ್ಧ ಗಂಟೆ ಮೊದಲೇ ಬಂದುಬಿಟ್ಟಿದ್ದರು.

ಬತ್ತಿದ ಕೊಳದ ದಡದಲ್ಲಿ ಎಲ್ಲರೂ ನಿಂತೆವು. ಇನ್ಸ್‌ಪೆಕ್ಟರ್, ಮ್ಯಾನೇಜರ್, ಬೆಂಚಿನಿಂದ ಎದ್ದು ಬಂದ ಹೆಂಡತಿ, ನಾನು, ನನ್ನ ಹುಡುಗಿ. ಜೀಪು ಗೇಟಿನೊಳಗೇ ಬಂದು ನಿಂತಿತ್ತು.

“ಏನು ಮೇಡಂ, ಅನುಭವ ಎಲ್ಲ ಓದಿ ಮುಗೀತಾ?” ಎಂದರು ಇನ್ಸ್‌ಪೆಕ್ಟರ್.

ನಾನು ಬಾಯಿ ತೆರೆಯುವ ಮೊದಲು ಹಿಂದಿನಿಂದ ಯಾರೋ ಕೆಮ್ಮಿದರು. ಸೀಟಿ. ಮುಖ ಬಿಳಿಚಿಕೊಂಡಿತ್ತು, ಆದರೂ ಮುಂದೆ ಬಂದ.

“ಸಾರ್, ಒಂದು ಮಾತು. ಈ ಹುಡುಗೀದೇನೂ ತಪ್ಪಿಲ್ಲ. ನಾನು ಆವತ್ತು ಕೊಳದ ಕಡೆ ನೋಡ್ತಾನೇ ಇರ್ಲಿಲ್ಲ. ಆ ಮನುಷ್ಯ ಬಂದು ಎದ್ದು ಹೋಗಿದ್ರೂ ಹೋಗಿರ್ಬೋದು ಸಾರ್.”

ಮೂರು ದಿನ ಬಾಯಿ ಮುಚ್ಚಿಕೊಂಡಿದ್ದವನಿಗೆ ಈಗಲೇ ಧೈರ್ಯ ಬರಬೇಕೇ! ಬೆಳಿಗ್ಗೆ ಹೇಳಿದ್ದರೆ ಅವನ ಕಾಲಿಗೆ ಬೀಳುತ್ತಿದ್ದೆ. ಮ್ಯಾನೇಜರಿನ ಕಣ್ಣು ಕೆಂಪಾಯಿತು. ಇನ್ಸ್‌ಪೆಕ್ಟರ್ ಹುಬ್ಬು ಏರಿಸಿದರು. ನಾನು ಹೆಂಡತಿಯ ಕಡೆ ನೋಡಿದೆ. ಅವಳು ಮಾತ್ರ ಸೀಟಿಯ ಕಡೆ ನೋಡಲಿಲ್ಲ. ಹಿಂದಿನ ಗೇಟಿನ ಕಡೆ, ರಸ್ತೆಯ ಕಡೆ ನೋಡುತ್ತಿದ್ದಳು, ಒದ್ದೆ ಮೈಯವನೊಬ್ಬ ಅಲ್ಲಿಂದ ಎಷ್ಟು ದೂರ ಹೋಗಬಲ್ಲ ಎಂದು ಅಳೆಯುವವಳ ಹಾಗೆ.

ನನ್ನ ಹುಡುಗಿಯೂ ಅದನ್ನು ನೋಡಿದಳು.

“ಸೀಟಿಯಣ್ಣ ನನ್ನ ಉಳಿಸೋಕೆ ಸುಳ್ಳು ಹೇಳ್ತಿದಾರೆ ಸಾರ್,” ಎಂದಳು. ದನಿ ಒಂಚೂರೂ ನಡುಗಲಿಲ್ಲ. “ಅವರು ಕೆಳಗೆ ಬರ್ಲೇ ಇಲ್ಲ. ನಾನೇ ತಳ್ಳಿದ್ದು, ಆ ಬಾಗಿಲಿಂದ. ಸತ್ತೋದ್ರು. ನಡೀರಿ, ಎಲ್ಲಿಗೆ ಬರ್ಬೇಕೋ ಬರ್ತೀನಿ.”

ಎರಡೂ ಕೈ ಮುಂದೆ ಚಾಚಿದಳು.

ಅವಳ ಜೀವ ಉಳಿಸುವ ಕಾಗದ ನನ್ನ ಕಂಕುಳಲ್ಲಿದೆ, ಅವಳು ತಾನಾಗಿ ಹೋಗಿ ಕೊರಳು ಒಡ್ಡುತ್ತಿದ್ದಾಳೆ. ತೆಗೆದು ಕೊಟ್ಟರೆ ನನ್ನ ತಂಗಿಯ ಮನೆ ಉಳಿಯುತ್ತದೆ, ಎಲ್ಲೋ ಒಬ್ಬ ಮನುಷ್ಯ ಸಾಯುತ್ತಾನೆ. ಕೊಡದಿದ್ದರೆ ಅವನು ಉಳಿಯುತ್ತಾನೆ, ನಾನು ತಂಗಿಗೆ ಮುಖ ತೋರಿಸುವ ಹಾಗಿಲ್ಲ. ಅತ್ತ ದರಿ, ಇತ್ತ ಪುಲಿ. ಇಂಥ ಗತಿ ಹಗೆಯವರಿಗೂ ಬೇಡ.

ಇನ್ಸ್‌ಪೆಕ್ಟರ್ ಕಾನ್‌ಸ್ಟೇಬಲ್‌ಗೆ ಸನ್ನೆ ಮಾಡಿದರು. ಆಗ ಅವಳು ಮಾತಾಡಿದಳು, ಕಾಣೆಯಾದವನ ಹೆಂಡತಿ. ಮೂರು ದಿನದಲ್ಲಿ ನಾನು ಕೇಳಿದ ಅವಳ ಮೊದಲ ಪೂರ್ತಿ ಮಾತು. ಗಂಡನನ್ನು ಕೊಂದೆ ಎಂದು ಒಬ್ಬಳು ಎದುರಿಗೇ ನಿಂತು ಹೇಳಿದ್ದಾಳೆ, ಇವಳ ಕಣ್ಣಲ್ಲಿ ಒಂದು ಹನಿ ಇಲ್ಲ.

“ಈ ಹುಡುಗಿ ಸುಳ್ಳು ಹೇಳ್ತಿದಾಳೆ ಸಾರ್. ನಮ್ಮೆಜಮಾನ್ರು ಸತ್ತಿಲ್ಲ.” ತುಂಬಾ ಮೆತ್ತಗಿನ ದನಿ. “ನಾನು ಕಿಟಕೀಲಿ ನೋಡ್ತಾ ಇದ್ದೆ. ಅಷ್ಟು ಚೀಟಿಲಿ ಈ ದೊಡ್ಡೋರು ಒಂದೇ ಒಂದನ್ನ ಮಡಚಿ ಕೈಚೀಲಕ್ಕೆ ಹಾಕ್ಕೊಂಡ್ರು. ಅದನ್ನ ಒಂಚೂರು ತೆಗೆಸಿ.”

ಇನ್ಸ್‌ಪೆಕ್ಟರ್ ನನ್ನ ಕಡೆ ತಿರುಗಿದರು. ಕೈ ಚಾಚಿದರು.

“ಮೇಡಂ, ಚೀಲ ಕೊಡಿ.”

“ಅದರಲ್ಲಿ ನನ್ನ ಮಾತ್ರೆ, ಬಸ್ ಚೀಟಿ ಬಿಟ್ರೆ ಏನಿಲ್ಲ,” ಎಂದೆ. ಪೊಲೀಸರಿಗೆ ನಾನು ಹೇಳಿದ ಮೊದಲ ಸುಳ್ಳು.

“ಇರ್ಲಿ, ಕೊಡಿ.”

“ದೊಡ್ಡಮ್ಮಾ, ಬೇಡಾ!”

ಕೊಲೆ ಒಪ್ಪಿಕೊಳ್ಳುವಾಗ ನಡುಗದ ದನಿ ಈಗ ಒಡೆದುಹೋಯಿತು. ಪಾಪಿ ಹುಡುಗಿ, ಕೂಗಿ ಕೆಡಿಸಿದಳು. ಆ ಕೂಗು ಕೇಳಿದ ಮೇಲೆ ಚೀಲದಲ್ಲಿ ಏನೋ ಇದೆ ಎಂದು ಇನ್ಸ್‌ಪೆಕ್ಟರಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಹೆಂಡತಿ ಒಂದು ಹೆಜ್ಜೆ ಹತ್ತಿರ ಬಂದಳು. ಅವಳ ಮುಖದಲ್ಲಿ ಮೊದಲ ಸಲ ಜೀವ ಬಂದಿತ್ತು.

ಇನ್ಸ್‌ಪೆಕ್ಟರ್ ಚೀಲದ ಹಿಡಿ ಹಿಡಿದು ಎಳೆದರು. ನಾನು ಬಿಡಲಿಲ್ಲ.